"ಇಲ್ಲಿ ಬ್ಯಾಡ" ಅಂದ್ರ ಮತ್ತೆಲ್ಲಿ? ರಾಷ್ಟ್ರಗೀತೆ, ಆಟಗಾರರು ಮತ್ತು ನಮ್ಮ ಅಧಿವೇಶನದ ಟೆಂಟು

ಸಾಂಬ್ರಾ: ರಾಷ್ಟ್ರಗೀತೆ ನಡೆದಾಗ ಆಟಗಾರರು ಪ್ರತಿಭಟನೆ ಮಾಡೋದು ಸರೀನಾ? ನಮ್ಮೂರಿನ ಯಾವುದೇ ಚಹಾ ಅಂಗಡಿ ಮುಂದೆ ಈ ಪ್ರಶ್ನೆ ಕೇಳ್ರಿ, ಉತ್ತರಕ್ಕೆ ಬಹಳ ಹೊತ್ತು ಕಾಯಬೇಕಾಗಿಲ್ಲ. ಇಲ್ಲೇ ವಾಯುಪಡೆಯ ಏರ್‌ಮೆನ್ ಟ್ರೇನಿಂಗ್ ಸ್ಕೂಲ್ ಐತಿ, ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಐತಿ. ಮಗನನ್ನು ಮಿಲಿಟರಿಗೆ ಕಳಿಸಿದ ಮನೆಗಳು ಸುತ್ತಲಿನ ಹಳ್ಳಿಗಳಲ್ಲಿ ಬೇಕಾದಷ್ಟು. "52 ಸೆಕೆಂಡ್ ಸುಮ್ನ ನಿಲ್ಲಾಕ ಏನ್ ತ್ರಾಸು? ಪ್ರತಿಭಟನೆ ಬೇಕಾದ್ರ ಬ್ಯಾರೆ ಕಡೆ ಮಾಡ್ಲಿ, ಇಲ್ಲಿ ಬ್ಯಾಡ" ಅಂತಾರ.

ಈ ಮಾತನ್ನು ಹಗುರವಾಗಿ ತಗೊಳ್ಳೋ ಹಂಗಿಲ್ಲ. ಜಾತಿ, ಪಕ್ಷ, ಭಾಷೆ ಅಂತ ದಿನಾ ಕಿತ್ತಾಡುವವರು ಒಟ್ಟಿಗೆ ನಿಲ್ಲುವುದು ಆ 52 ಸೆಕೆಂಡ್ ಮಾತ್ರ. ಅಲ್ಲೂ ಒಬ್ಬೊಬ್ಬರು ತಮ್ಮ ತಮ್ಮ ತಕರಾರು ತಂದರೆ ಎಲ್ಲರದ್ದು ಅಂತ ಉಳಿಯೋದಾದ್ರೂ ಏನು? ಪ್ರಶ್ನೆ ಸರಿಯಾಗೇ ಐತಿ. ಆದರೆ "ಬ್ಯಾರೆ ಕಡೆ ಮಾಡ್ಲಿ" ಅಂತೀವಲ್ಲ, ಬೇರೆ ಕಡೆ ಮಾಡಿದವರ ಗತಿ ಏನಾಯ್ತು ಅಂತಾನೂ ಒಂದು ಸಲ ನೋಡಬೇಕು.

ಮಂಡಿಯೂರಿದವನ ಕಥೆ

ಈ ಚರ್ಚೆ ಜಗತ್ತಿನಲ್ಲೆಲ್ಲ ಜೋರಾಗಿದ್ದು 2016ರಲ್ಲಿ. ಅಮೆರಿಕದ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್, ಕಪ್ಪು ಜನರ ಮೇಲೆ ಪೊಲೀಸರು ನಡೆಸುವ ದೌರ್ಜನ್ಯ ಖಂಡಿಸಿ ರಾಷ್ಟ್ರಗೀತೆ ವೇಳೆ ಕುಂತೇ ಇದ್ದ. ಮಾಜಿ ಸೈನಿಕ ನೇಟ್ ಬೋಯರ್ ಆತನನ್ನು ಭೇಟಿಯಾಗಿ ಮಾತಾಡಿದ. ಕೂರುವ ಬದಲು ಮಂಡಿಯೂರು, ಸತ್ತ ಜೊತೆಗಾರನ ಸಮಾಧಿ ಮುಂದೆ ಸೈನಿಕರು ಮಂಡಿಯೂರಿ ಗೌರವ ಕೊಡ್ತಾರೆ ಅಂದ. ಕೆಪರ್ನಿಕ್ ಹಂಗೇ ಮಾಡಿದ. ಇಡೀ ಜಗತ್ತು ನೋಡಿದ ಆ ಭಂಗಿ ಒಬ್ಬ ಸೈನಿಕ ಹೇಳಿಕೊಟ್ಟದ್ದು. ಆದರೂ 2017ರಿಂದ ಆತನಿಗೆ ಯಾವ ತಂಡದಲ್ಲೂ ಜಾಗ ಸಿಗಲಿಲ್ಲ. ಆಟಗಾರರ ಮಾತನ್ನು ನಾವು ಮೊದಲೇ ಕೇಳದೇ ಇದ್ದದ್ದು ತಪ್ಪು ಅಂತ ಆ ಲೀಗ್‌ನ ಮುಖ್ಯಸ್ಥರು ಒಪ್ಪಿಕೊಂಡಿದ್ದು 2020ರಲ್ಲಿ.

ನಮ್ಮ ಪೈಲ್ವಾನರು ಗೀತೆ ಮುಟ್ಟಲಿಲ್ಲ

ನಮ್ಮ ದೇಶಕ್ಕೆ ಬರೋಣ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ವಿನೇಶ್ ಫೋಗಟ್, ಬಜರಂಗ್ ಪುನಿಯಾ ಕುಸ್ತಿಯಲ್ಲಿ ಬಂಗಾರ ಗೆದ್ದರು. ನಮ್ಮ ತುರಮುರಿಯ ಮಲಪ್ರಭಾ ಜಾಧವ್ ಕುರಾಶ್‌ನಲ್ಲಿ ಕಂಚು ತಂದಿದ್ದೂ ಅದೇ ಕೂಟದಲ್ಲಿ. ಬಂಗಾರ ಗೆದ್ದವರಿಗೆ ಮಾತ್ರ ಅಲ್ಲಿ ರಾಷ್ಟ್ರಗೀತೆ ನುಡಿಸ್ತಾರ. ಅಂದರೆ ವಿನೇಶ್, ಬಜರಂಗ್ ಪರದೇಶದಲ್ಲಿ ನಮ್ಮ ರಾಷ್ಟ್ರಗೀತೆ ಮೊಳಗಿಸಿದವರು.

2023ರ ಜನವರಿಯಲ್ಲಿ ಇವರಿಬ್ಬರು, ಜೊತೆಗೆ ಸಾಕ್ಷಿ ಮಲಿಕ್, ಕುಸ್ತಿ ಫೆಡರೇಷನ್ ಅಧ್ಯಕ್ಷರಾಗಿದ್ದ ಬ್ರಿಜ್ ಭೂಷಣ್ ಶರಣ್ ಸಿಂಗ್ ವಿರುದ್ಧ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕುಂತರು. ಅದು ಪ್ರತಿಭಟನೆಗೆ ಅಂತಲೇ ಇರುವ ಜಾಗ. ಯಾವ ರಾಷ್ಟ್ರಗೀತೆಗೂ ಅಡ್ಡಿ ಮಾಡಲಿಲ್ಲ. ಆದರೂ ಬೀದಿಗಿಳಿದದ್ದು ಅಶಿಸ್ತು, ದೇಶದ ಹೆಸರಿಗೆ ಒಳ್ಳೇದಲ್ಲ ಎಂಬ ಮಾತು ಭಾರತೀಯ ಒಲಿಂಪಿಕ್ ಸಂಸ್ಥೆ ಅಧ್ಯಕ್ಷೆ ಪಿ.ಟಿ. ಉಷಾ ಅವರಿಂದಲೇ ಬಂತು. ಸುಪ್ರೀಂ ಕೋರ್ಟ್ ಬಾಗಿಲು ತಟ್ಟಿದ ಮೇಲೆಯೇ ಎಫ್‌ಐಆರ್ ಆಯ್ತು. ಮೇ 28ರಂದು ಹೊಸ ಸಂಸತ್ ಭವನದ ಕಡೆ ಹೊರಟಾಗ ಕೈಯಲ್ಲಿ ತಿರಂಗಾ ಇತ್ತು, ಪೊಲೀಸರು ಎಳೆದೊಯ್ದರು. ಎರಡು ದಿನ ಬಿಟ್ಟು ಪದಕಗಳನ್ನು ಗಂಗೆಗೆ ಹಾಕ್ತೀವಿ ಅಂತ ಹರಿದ್ವಾರಕ್ಕೂ ಹೋಗಿದ್ದರು.

ಬ್ರಿಜ್ ಭೂಷಣ್ ಆರೋಪ ನಿರಾಕರಿಸಿದ್ದಾರೆ. ಬಾಲಕಿಯೊಬ್ಬಳಿಗೆ ಸಂಬಂಧಿಸಿದ ಪ್ರಕರಣ 2025ರ ಮೇ ತಿಂಗಳಲ್ಲಿ ಮುಕ್ತಾಯವಾಯ್ತು. ಉಳಿದವರ ದೂರಿನ ಪ್ರಕರಣದಲ್ಲಿ 2024ರ ಮೇನಲ್ಲಿ ಕೋರ್ಟ್ ಆರೋಪ ನಿಗದಿ ಮಾಡಿತ್ತು. ತಪ್ಪು ಯಾರದು ಅಂತ ಕೋರ್ಟ್ ಹೇಳಬೇಕು. ನಾನು ಹೇಳೋದು ಇಷ್ಟೇ: ಇವರು "ಬ್ಯಾರೆ ಕಡೆ"ನೇ ಹೋಗಿದ್ದರು. ಅಲ್ಲೂ "ಇಲ್ಲಿ ಬ್ಯಾಡ" ಅಂದೆವು.

ಬೆಳಗಾವಿಗೆ ಇದು ಹೊಸದಲ್ಲ

ಚಳಿಗಾಲದ ಅಧಿವೇಶನ ಬಂದಾಗ ಸಾಂಬ್ರಾ ವಿಮಾನ ನಿಲ್ದಾಣದಿಂದ ಮಂತ್ರಿಗಳ ಕಾರು ಸಾಲುಸಾಲಾಗಿ ಹೋಗೋದನ್ನ ನಾವು ನೋಡ್ತೀವಿ. ಪ್ರತಿಭಟನೆಕಾರರಿಗೆ ಮಾತ್ರ ಸುವರ್ಣಸೌಧದಿಂದ ದೂರ, ಕೊಂಡಸಕೊಪ್ಪದ ಹತ್ತಿರ, ಸುವರ್ಣ ಗಾರ್ಡನ್‌ನಲ್ಲಿ ಟೆಂಟು. ಅಂಗನವಾಡಿಯವರು, ಅತಿಥಿ ಉಪನ್ಯಾಸಕರು, ಕಬ್ಬು ಬೆಳೆಗಾರರು ಅಲ್ಲೇ ಕೂಗಬೇಕು. ಮಂತ್ರಿಯೊಬ್ಬರು ಬಂದು ಮನವಿ ಇಸ್ಕೊಂಡು ಹೋದರೆ ಅದೇ ದೊಡ್ಡದು. ಹಿಂಗಾಗಿ ಜನ ಟೆಂಟು ಬಿಟ್ಟು ರಸ್ತೆಗೆ ಬರ್ತಾರೆ. 2024ರ ಡಿಸೆಂಬರ್ 10ರಂದು ಪಂಚಮಸಾಲಿ ಮೀಸಲಾತಿ ಹೋರಾಟಗಾರರು ಸೌಧದತ್ತ ಹೊರಟು ಲಾಠಿ ಏಟು ತಿಂದದ್ದು ನೆನಪಿರಬೇಕು.

ಯಾರೂ ಕೇಳದ ಜಾಗದಿಂದ ಎಲ್ಲರ ಕಣ್ಣಿರುವ ಜಾಗಕ್ಕೆ ಪ್ರತಿಭಟನೆ ಸರಿಯುತ್ತೆ. ಆಟಗಾರನಿಗೆ ಅಂಥ ಜಾಗ ಅಂದ್ರೆ ಮೈದಾನ. ಎಲ್ಲ ಕ್ಯಾಮೆರಾ ಅವನ ಮುಖದ ಮೇಲೆ ಇರೋ ಹೊತ್ತು ಅಂದ್ರೆ ರಾಷ್ಟ್ರಗೀತೆ.

ಕಾನೂನು ಏನನ್ನುತ್ತೆ?

1971ರ ರಾಷ್ಟ್ರ ಗೌರವ ಕಾಯ್ದೆ ಪ್ರಕಾರ ಬೇಕಂತಲೇ ರಾಷ್ಟ್ರಗೀತೆ ಹಾಡೋದನ್ನ ತಡೆದರೆ ಅಥವಾ ಹಾಡುತ್ತಿರುವವರಿಗೆ ಗಲಾಟೆ ಮಾಡಿ ತೊಂದರೆ ಕೊಟ್ಟರೆ ಮೂರು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಬಾಯಿ ಮುಚ್ಚಿ ನಿಲ್ಲೋದು ಅಪರಾಧ ಅಲ್ಲ. ಕೇರಳದಲ್ಲಿ ಮೂವರು ಮಕ್ಕಳು ಧಾರ್ಮಿಕ ಕಾರಣಕ್ಕೆ ಗೀತೆ ಹಾಡದೆ, ಆದರೆ ಎದ್ದು ನಿಂತಿದ್ದರು. ಶಾಲೆ ಹೊರಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನ ವಾಪಸ್ ಸೇರಿಸ್ಕೊಳ್ರಿ ಅಂತು. ಚಿತ್ರಮಂದಿರದಲ್ಲಿ ಗೀತೆ ಕಡ್ಡಾಯ ಅಂತ 2016ರಲ್ಲಿ ಹೇಳಿದ ಅದೇ ಕೋರ್ಟ್, 2018ರ ಜನವರಿಯಲ್ಲಿ ಕಡ್ಡಾಯ ತೆಗೆದುಹಾಕಿತು. ಇಷ್ಟಾದ ಮೇಲೂ 2019ರಲ್ಲಿ ಬೆಂಗಳೂರಿನ ಥಿಯೇಟರ್ ಒಂದರಲ್ಲಿ ಎದ್ದು ನಿಲ್ಲದವರನ್ನ ಬೈದು ಹೊರಗಟ್ಟಿದ ವಿಡಿಯೊ ಎಲ್ಲರ ಮೊಬೈಲ್‌ಗೂ ಬಂತು.

ಹಂಗಾಗಿ ನನ್ನ ಅಳತೆ ಒಂದೇ: ಬೇರೆಯವರು ಹಾಡೋದಕ್ಕೆ ಅಡ್ಡಿ ಆಯ್ತಾ? ಆಗಿದ್ದರೆ ಕೇಸ್ ಹಾಕ್ರಿ. ಆಗದಿದ್ದರೆ ಆತನ ತಕರಾರು ಏನು ಅಂತ ಕೇಳ್ರಿ. ಕೇಳಿದ ಮೇಲೆ ಒಪ್ಪಬೇಕು ಅಂತೇನಿಲ್ಲ.

ಈ ಅಳತೆ ನಮ್ಮ ಮೈಗೇ ಹತ್ತೋದು ನವೆಂಬರ್ 1ಕ್ಕೆ. ನಾವು ರಾಜ್ಯೋತ್ಸವ ಮಾಡುವ ದಿನವೇ ಎಂಇಎಸ್‌ನವರು ಕಪ್ಪು ಬಟ್ಟೆ ಹಾಕಿ ಕರಾಳ ದಿನ ಅಂತ ಮೆರವಣಿಗೆ ತೆಗೀತಾರೆ. ಕನ್ನಡಿಗನಾಗಿ ನನಗೂ ಸಿಟ್ಟು ಬರುತ್ತೆ, ಅವರ ಬೇಡಿಕೆ ನಾನು ಒಪ್ಪಲ್ಲ. ಆದರೆ ನಮ್ಮ ಮೆರವಣಿಗೆಗೆ ಕಲ್ಲು ಬೀಳದಿದ್ದರೆ, ಅಂಗಡಿ ಬಲವಂತದಿಂದ ಮುಚ್ಚಿಸದಿದ್ದರೆ, ಬಾಯಿ ಮುಚ್ಚಿಸ್ರಿ ಅಂತ ನಾನು ಕೇಳೋ ಹಂಗಿಲ್ಲ. ಆಟಗಾರನಿಗೊಂದು ಅಳತೆ, ನಮಗೆ ಬೇಡದವರಿಗೊಂದು ಅಳತೆ ಅಂತ ಇಟ್ಟುಕೊಂಡರೆ ಅದು ತಕ್ಕಡಿಯಲ್ಲಿ ಮೋಸ ಮಾಡಿದ ಹಂಗ. ಅಂಗಡಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ರಾಷ್ಟ್ರಗೀತೆ ಕೇಳಿದರೆ ನಾನು ಎದ್ದು ನಿಲ್ತೀನಿ, ನೀವೂ ನಿಲ್ತೀರಿ. ಪಕ್ಕದಲ್ಲಿ ಒಬ್ಬ ಆಟಗಾರ ತಲೆ ತಗ್ಗಿಸಿ ಸುಮ್ಮನಿದ್ದರೆ, ವಿಡಿಯೊ ಮಾಡಿ ಗ್ರೂಪಿಗೆ ಹಾಕೋಕ್ಕಿಂತ ಮುಂಚೆ ಗೀತೆ ಮುಗಿಯಲಿ. ಮುಗಿದ ಮೇಲೆ "ಯಾಕೋ ತಮ್ಮಾ, ಏನಾಗೇತಿ?" ಅಂತ ಕೇಳ್ರಿ.