ಕಿಲೋವಾಟ್ ಎಣಿಸುವವರು ವೋಲ್ಟೇಜನ್ನೂ ಎಣಿಸಲಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಸೌರಫಲಕಗಳು ಮನೆಯ ಮಾಳಿಗೆಯನ್ನೂ ಹೊಲದ ಬದುವನ್ನೂ ಏರುತ್ತಿವೆ. ಪರಿಸರದ ಪರವಾಗಿ ನಿಂತ ನಮಗೆ ಇದು ಸಂತೋಷದ ಸಂಗತಿಯೇ. ಆದರೆ 2019ರ ಪಿಎಂ-ಕುಸುಮ್ ಇರಲಿ, 2024ರ ಸೂರ್ಯಘರ್ ಇರಲಿ, ಸಹಾಯಧನದ ಲೆಕ್ಕವೆಲ್ಲ ಅಶ್ವಶಕ್ತಿ, ಕಿಲೋವಾಟುಗಳಲ್ಲಿ. ಫಲಕಗಳನ್ನು ಹೇಗೆ ಜೋಡಿಸಲಾಗಿದೆ ಎಂದು ಕೇಳಿದರೆ, "ಅದು ತಾಂತ್ರಿಕ ವಿಷಯ, ನಿಮಗೇಕೆ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ರೈತರು ಒಪ್ಪಕೂಡದು.

ಘಟಪ್ರಭೆ ಗೋಕಾಕದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. 1887ರಲ್ಲಿ ಆ ನೀರಿನ ಬಲದಿಂದ ಗಿರಣಿ ನಡೆಸಿದವರು ಬೀಳುವ ಎತ್ತರಕ್ಕೆ ತಕ್ಕ ಯಂತ್ರವನ್ನೇ ಇಡಬೇಕಾಗಿತ್ತು. ಸೌರವಿದ್ಯುತ್ತಿನಲ್ಲೂ ಅಷ್ಟೇ. ಫಲಕಗಳನ್ನು ಸರಣಿಯಲ್ಲಿ ಜೋಡಿಸಿದಷ್ಟೂ ಎತ್ತರ, ಅಂದರೆ ವೋಲ್ಟೇಜ್, ಏರುತ್ತದೆ. ಸಮಾಂತರವಾಗಿ ಜೋಡಿಸಿದರೆ ಹರಿವು, ಅಂದರೆ ಕರೆಂಟ್, ಹೆಚ್ಚುತ್ತದೆ. ಇನ್‌ವರ್ಟರಿಗೆ ಈ ಎರಡಕ್ಕೂ ಮಿತಿಯುಂಟು.

ಒಂದು ಲೆಕ್ಕ ನೋಡೋಣ. ಫಲಕದ ಬೆನ್ನಿನ ಚೀಟಿಯಲ್ಲಿ ತೆರೆದ ಮಂಡಲದ ವೋಲ್ಟೇಜ್ 49.5 ಎಂದಿದೆ ಎನ್ನಿ. ಹನ್ನೆರಡನ್ನು ಸರಣಿಯಲ್ಲಿ ಜೋಡಿಸಿದರೆ 594. ಇನ್‌ವರ್ಟರಿನ ಮಿತಿ 600. ಜೋಡಿಸುವಾತ "ಸರಿಹೋಯಿತು" ಎಂದು ಹೊರಟುಹೋಗುತ್ತಾನೆ. ಆದರೆ ಚೀಟಿಯ ಅಂಕಿ 25 ಡಿಗ್ರಿ ಉಷ್ಣತೆಗೆ ಸಂಬಂಧಿಸಿದ್ದು. ಒಂದೊಂದು ಡಿಗ್ರಿ ತಣಿದಂತೆ ವೋಲ್ಟೇಜ್ ಸುಮಾರು ಶೇ. 0.3ರಷ್ಟು ಏರುತ್ತದೆ. ಪುಷ್ಯಮಾಸದ ಮುಂಜಾವಿನಲ್ಲಿ ಫಲಕ 10 ಡಿಗ್ರಿಗೆ ಇಳಿದಿರುವಾಗ, ಯಂತ್ರವಿನ್ನೂ ಕೆಲಸಕ್ಕೆ ತೊಡಗುವ ಮೊದಲೇ ಬಿಸಿಲು ಚೆಲ್ಲಿದರೆ, 594 ಇದ್ದದ್ದು 620ರ ಸಮೀಪಕ್ಕೆ ಹೋಗುತ್ತದೆ. ಇನ್‌ವರ್ಟರ್ ಸುಡುವುದು ಚೈತ್ರದ ಧಗೆಯಲ್ಲೇ ಎಂದು ನಂಬಿದವರಿಗೆ ಇದು ವಿಚಿತ್ರವೆನಿಸೀತು. ಹನ್ನೊಂದೇ ಫಲಕ ಸಾಕಾಗಿತ್ತು!

ಹಾಗೆಂದು ತೀರ ಕಡಿಮೆ ಜೋಡಿಸಿದರೂ ನಷ್ಟವೇ. ಬೇಸಿಗೆಯಲ್ಲಿ ಫಲಕ 65 ಡಿಗ್ರಿಗೆ ಕಾದಾಗ ವೋಲ್ಟೇಜ್ ಶೇ. 12ಕ್ಕೂ ಹೆಚ್ಚು ಕುಸಿಯುತ್ತದೆ. ಯಂತ್ರದ ಕೆಳಮಿತಿಗಿಂತ ಇಳಿದರೆ, ಕಬ್ಬಿಗೆ ನೀರು ಬೇಕಾದ ಹೊತ್ತಿನಲ್ಲೇ ಅದು ನಿಲ್ಲುತ್ತದೆ. ಇನ್ನು ಕರೆಂಟ್: ಈಗಿನ ದೊಡ್ಡ ಫಲಕಗಳು 13 ಆಂಪಿಯರಿನಷ್ಟು ಕೊಡುತ್ತವೆ. 11 ಆಂಪಿಯರಿನ ಹಳೆಯ ಇನ್‌ವರ್ಟರ್ ತನ್ನ ಪಾಲನ್ನಷ್ಟೇ ಎಳೆದುಕೊಂಡು ಉಳಿದದ್ದನ್ನು ಬಿಡುತ್ತದೆ. ಇಲ್ಲಿ ಹೋಗುವುದು ಬೆಳೆದ ವಿದ್ಯುತ್ತು. ಆದರೆ ಶಾರ್ಟ್ ಸರ್ಕ್ಯೂಟ್ ಕರೆಂಟಿನ ಮಿತಿಯನ್ನು ಮಾತ್ರ ದಾಟಬಾರದು.

ಸುಟ್ಟ ಮೇಲೆ ಏನಾಗುತ್ತದೆ? ವೋಲ್ಟೇಜ್ ಮಿತಿ ಮೀರಿದ್ದರೆ ಗ್ಯಾರಂಟಿ ಅನ್ವಯಿಸದೆಂಬ ಷರತ್ತು ಮುಂದೆ ಬರುತ್ತದೆ. ಜೋಡಿಸಿದವನ ತಪ್ಪಿಗೆ ದಂಡ ತೆರುವವನು ರೈತ. ಊರಿನಲ್ಲಿ ಉಳಿಯುವ ಮಾತು, "ಸೋಲಾರ್ ನಮಗೆ ಆಗಿಬರಲಿಲ್ಲ" ಎಂಬುದು. ಕಲ್ಲಿದ್ದಲಿನ ಪರ ವಾದಿಸುವವರಿಗೆ ಇದಕ್ಕಿಂತ ಅನುಕೂಲ ಬೇಕೆ?

ಆದ್ದರಿಂದ ಹಣದ ಕೊನೆಯ ಕಂತನ್ನು ಕೊಡುವ ಮುನ್ನ ಒಂದು ಹಾಳೆ ಕೇಳಿರಿ. ಸರಣಿಯೊಂದಕ್ಕೆ ಫಲಕವೆಷ್ಟು, ಅತಿ ಚಳಿಯಲ್ಲಿ ವೋಲ್ಟೇಜ್ ಎಷ್ಟು, ಅತಿ ಸೆಕೆಯಲ್ಲಿ ಎಷ್ಟು, ಇನ್‌ವರ್ಟರಿನ ಮಿತಿಗಳೇನು ಎಂಬುದು ಅದರಲ್ಲಿ ಕನ್ನಡದಲ್ಲಿ ಇರಲಿ, ಜೋಡಿಸಿದವನ ಸಹಿಯೊಡನೆ. ಹುಕ್ಕೇರಿಯಲ್ಲಿ 1969ರಲ್ಲೇ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ಅಲ್ಲಿ ಸದಸ್ಯರ ಮಾತಿಗೆ ಮಹಾಸಭೆಯಿದೆ. ಈ ಹಾಳೆಯಿಲ್ಲದೆ ಸೌರ ಸಂಪರ್ಕ ಕೊಡಬಾರದೆಂಬ ಠರಾವನ್ನು ಸದಸ್ಯರು ಅಲ್ಲಿಯೇ ಮೊದಲು ಮಂಡಿಸಲಿ.