ಮಡಿಗೆ ರೋಗಾಣು ಸಾಯೋದಿಲ್ಲ

1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಗೆ ಇಳಿದು ಬಾಬಾಸಾಹೇಬರು ಬೊಗಸೆ ನೀರು ಕುಡಿದರು. ಅವರ ಹಿಂದೆ ನಮ್ಮ ಜನ ಕುಡಿದರು. ದನ ಎಮ್ಮೆ ಕುಡಿದಾಗ ಕೆಡದ ಕೆರೆ ನಾವು ಮುಟ್ಟಿದ ಕೂಡಲೇ ಕೆಟ್ಟುಹೋಯ್ತಂತೆ! ಮೇಲ್ಜಾತಿಯವರು ಹಾಲು, ಮೊಸರು, ಸಗಣಿ, ಗಂಜಲ ಕಲಸಿ 108 ಮಡಕೆ ಸುರಿದರು. ಮಂತ್ರ ಹೇಳಿದರು. ಕೆರೆ ಶುದ್ಧವಾಯಿತು ಅಂದರು.

ನಾವು ಕೇಳುತ್ತೇವೆ: ಎಂಥ ಶುದ್ಧಿ ಸ್ವಾಮಿ ಅದು? ಸಗಣಿ ದನದ ಕರುಳಿನಿಂದ ಬಂದದ್ದು. ಅದರಲ್ಲಿ ಭೇದಿ ತರುವ ರೋಗಾಣುಗಳೂ ಇರುತ್ತವೆ. ಕುಡಿಯುವ ನೀರಿಗೆ ಹೊಲಸು ಬೆರೆಸಿದವರು ಮಡಿವಂತರು, ಬಾಯಾರಿ ಕುಡಿದವರು ಮೈಲಿಗೆ!

ದೊಡ್ಡವರ ಕೈಯೆಲ್ಲ ಚೊಕ್ಕಟ ಅನ್ನೋದೂ ಸುಳ್ಳು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ವಾರ್ಡಿಗಿಂತ ಡಾಕ್ಟರುಗಳ ವಾರ್ಡಿನಲ್ಲೇ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ಅವರು ಹೆರಿಗೆಗೆ ಬರುತ್ತಿದ್ದರು. ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಸಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ಕ್ಕೆ ಇಳಿಯಿತು. ಆದರೂ ದೊಡ್ಡ ಡಾಕ್ಟರುಗಳು ಅವನ ಮಾತು ಒಪ್ಪಲಿಲ್ಲ. ನಮ್ಮ ಕೈ ಕೊಳಕೇ ಎಂದು ಅವರಿಗೆ ಅವಮಾನ!

ಹಾಗಾದರೆ ರೋಗಾಣುವನ್ನು ಕೊಲ್ಲುವುದು ಯಾವುದು? ಬೆಂಕಿ. ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ, ಸಾಕು. ಉಗುರುಬೆಚ್ಚಗೆ ಮಾಡಿದರೆ ಏನೂ ಸಾಯೋದಿಲ್ಲ. ಎರಡನೆಯದು ಬ್ಲೀಚಿಂಗ್ ಪೌಡರು. ಅಳತೆ ನೋಡಿ ಹಾಕಬೇಕು, ಅರ್ಧ ಗಂಟೆ ಕಾಯಬೇಕು. ಬಗ್ಗಡದ ನೀರಾದರೆ ಮೊದಲು ತಿಳಿಯಾಗಿಸಿ ಸೋಸಬೇಕು, ಇಲ್ಲದಿದ್ದರೆ ಪೌಡರಿನ ಶಕ್ತಿಯೆಲ್ಲ ಕೆಸರಿಗೇ ಹೋಗ್ತದೆ. ಮೂರನೆಯದು ಸೋಪು. ಅದು ಜಿಡ್ಡಿನ ಜೊತೆ ರೋಗಾಣುವನ್ನೂ ಕೈಯಿಂದ ಬಿಡಿಸಿ ನೀರಿಗೆ ಹಾಕ್ತದೆ. ಆಸ್ಪತ್ರೆಯ ಕತ್ತರಿ ಚಾಕುಗಳನ್ನು ಒತ್ತಡದ ಹಬೆಯಲ್ಲಿ 121 ಡಿಗ್ರಿಯಲ್ಲಿ 15 ನಿಮಿಷ ಬೇಯಿಸುತ್ತಾರೆ. ಇದರಲ್ಲಿ ಯಾವುದಕ್ಕೂ ಮಂತ್ರ ಬೇಡ, ಗೋತ್ರ ಬೇಡ.

ಊರಿನ ಹೇಲು ಬಾಚಿ ಊರನ್ನು ಕಾಲರಾದಿಂದ ಉಳಿಸಿದವರು ನಮ್ಮ ಅಪ್ಪಂದಿರು, ಅವ್ವಂದಿರು. ಮಲ ಹೊರುವುದರ ವಿರುದ್ಧ 1993ರಲ್ಲೊಂದು ಕಾಯಿದೆ, 2013ರಲ್ಲೊಂದು ಕಾಯಿದೆ ಬಂತು. ಊರು ತೊಳೆದ ಕೈಗೆ ಒಂದು ತುಂಡು ಸೋಪು ಕೊಡದವರು ನಮ್ಮನ್ನೇ ಕೊಳಕರು ಅಂದರು.

ನಾವಿದ್ದ ಹಾಸ್ಟೆಲಿನ ನೀರಿನ ತೊಟ್ಟಿ ಎರಡು ವರ್ಷ ಪೊರಕೆ ಕಾಣಲಿಲ್ಲ. ಕಾಮಾಲೆಯಾಗಿ ನಾಲ್ಕು ಹುಡುಗರು ಊರಿಗೆ ಹೋದರು, ಅವರ ಪರೀಕ್ಷೆ ಹೋಯಿತು. ಅದರಲ್ಲಿ ಒಬ್ಬ ಮತ್ತೆ ಓದಲು ಬರಲೇ ಇಲ್ಲ. ವಾರ್ಡನ್ ಅಂದರು: "ನಿಮ್ಮ ಜನ ಕ್ಲೀನಾಗಿರಲ್ಲ ಕಣ್ರೋ." ತೊಟ್ಟಿಯ ಮುಚ್ಚಳಕ್ಕೆ ಬೀಗ ಇತ್ತು. ಬೀಗದ ಕೈ ವಾರ್ಡನ್ ಸೊಂಟದಲ್ಲಿತ್ತು. ನಾವು ತಲೆ ತಗ್ಗಿಸಿ ನಿಂತೆವು. ಅದು ನಮ್ಮ ತಪ್ಪು.

ಗೆಳೆಯರೇ, ನೀವು ತಲೆ ತಗ್ಗಿಸಬೇಡಿ. ತೊಟ್ಟಿ ತೊಳೆದ ತಾರೀಖು ಗೋಡೆಯ ಮೇಲೆ ಬರೆಸಿ. ಬ್ಲೀಚಿಂಗ್ ಪೌಡರಿನ ಲೆಕ್ಕ ಕೇಳಿ. ಕುದಿಸಿದ ನೀರು ಕೇಳಿ, ಕಕ್ಕಸಿನ ಬಾಗಿಲಲ್ಲಿ ಸೋಪು ಕೇಳಿ. ಇದು ಯಾರ ಭಿಕ್ಷೆಯೂ ಅಲ್ಲ. ಮಹಾಡಿನಲ್ಲಿ ನಮ್ಮವರು ನೀರು ಮುಟ್ಟುವ ಹಕ್ಕು ಕೇಳಿದರು. ನಾವು ಒಳ್ಳೆಯ ನೀರು ಕುಡಿಯುವ ಹಕ್ಕು ಕೇಳೋಣ.

ಮೊದಲು ಆ ಬೀಗದ ಕೈ ಕೇಳಿ.