ಫೋಟೊ ನಂಬಿ ಹಳೆ ಕಾರು ಕೊಳ್ಳಬೇಡಿ



ಕೋಲ್ಕತ್ತದ ಅಂಬಾಸಡರ್, ಮುಂಬೈಯ ಪ್ರೀಮಿಯರ್ ಪದ್ಮಿನಿಗೆ ಮೊಬೈಲ್‌ನಲ್ಲಿ ಫೋಟೊ ನೋಡಿಯೇ ಮುಂಗಡ ಕೊಡುವವರು ನಮ್ಮಲ್ಲಿದ್ದಾರೆ. ಆ ಪ್ರೀತಿ ನನಗೂ ಇದೆ. ಆದರೆ ಕಡಲ ಉಪ್ಪುಗಾಳಿಗೆ ತಳದ ತಗಡು ತುಕ್ಕು ಹಿಡಿದಿದ್ದರೆ ಹೊಸ ಬಣ್ಣದ ಫೋಟೊದಲ್ಲಿ ಕಾಣುವುದೇ ಇಲ್ಲ. ಅಲ್ಲಿನ ನುರಿತ ಮೆಕ್ಯಾನಿಕ್ ಒಬ್ಬರಿಂದ ಕಾರಿನ ಅಡಿಭಾಗ ನೋಡಿಸಿ. ಚಾಸಿ, ಎಂಜಿನ್ ನಂಬರುಗಳನ್ನು ಆರ್‌ಸಿಯೊಂದಿಗೆ ತಾಳೆ ಹಾಕಿಸಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬಾರದೆ ಪೂರ್ತಿ ಹಣ ಕೊಡಬೇಡಿ. ಇಲ್ಲಿನ ತೆರಿಗೆಯೂ ಲೆಕ್ಕದಲ್ಲಿರಲಿ.

50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ವಾಹನಗಳಿಗೆ 2021ರ ಕೇಂದ್ರ ನಿಯಮದಡಿ ವಿಂಟೇಜ್ ನೋಂದಣಿ ಉಂಟು. ಅಂಥ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ ಎಂಬುದನ್ನು ಮಾರುವವರು ಮೊದಲೇ ಹೇಳಬೇಕು. ಸಾರಿಗೆ ಇಲಾಖೆ ಈ ನಿಯಮಗಳನ್ನೆಲ್ಲ ಸರಳ ಕನ್ನಡದಲ್ಲಿ ಪ್ರತಿ ಆರ್‌ಟಿಒ ಕಚೇರಿಯಲ್ಲೂ ಪ್ರದರ್ಶಿಸಲಿ.

– ಓದುಗ, ಮೈಸೂರು